ಜೋಕಾಲಿ ಮೇಲೆ ಹರಿದ ಕುಬಸ

ನನ್ನ ಚಿಗವ್ವನ ಮುಂದಿನ ಹಲ್ಲಿನ ತುದಿಯಲ್ಲಿ ಜೋಳದ ನುಚ್ಚಿನಷ್ಟು ಸಣ್ಣ ಕಚ್ಚು ಇತ್ತು. ಹೊಲಿಯುವಾಗ ಆಕೆ ಕತ್ತರಿ ಹುಡುಕುತ್ತಿರಲಿಲ್ಲ. ದಾರವನ್ನು ಯಾವಾಗಲೂ ಅದೇ ಹಲ್ಲಿನಿಂದ ಕಡಿಯುತ್ತಿದ್ದಳು. ನಕ್ಕಾಗ ಆ ಕಚ್ಚು ಎದ್ದು ಕಾಣುತ್ತಿತ್ತು. ಬಾಯಿ ಮುಚ್ಚಿಕೊಂಡು ನಗುವ ಹೆಂಗಸರ ನಡುವೆ ಆಕೆ ಮಾತ್ರ ಬಾಯ್ತುಂಬ ನಗುತ್ತಿದ್ದಳು.

ಆದರೆ ನಾನು ಮೊದಲು ಕಂಡ ಚಿಗವ್ವನಿಗೆ ಆ ಕಚ್ಚೂ ಇರಲಿಲ್ಲ, ಆ ನಗುವೂ ಇರಲಿಲ್ಲ.

ಆಕೆ ನನ್ನ ಅವ್ವನ ತಂಗಿ. ಔರಾದಕ್ಕೆ ಕೊಟ್ಟಿದ್ದರು. ಮದುವೆಯಾಗಿ ಹೆಚ್ಚು ಕಾಲವಾಗುವ ಮೊದಲೇ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಅಲ್ಲಿಂದಾಚೆ ಅತ್ತೆಮನೆಯಲ್ಲಿ ಹಾಲು ಒಡೆದರೂ ಸರಿ, ಉಪ್ಪಿನಕಾಯಿಗೆ ಬೂಸು ಬಂದರೂ ಸರಿ, ಮಾತು ಬರುತ್ತಿದ್ದದ್ದು ಆಕೆಯ ಕೈಗೆ. “ಈಕಿ ಕೈ ಹಚ್ಚಿದ್ದು ಯಾವುದೂ ನೆಟ್ಟಗಾಗಂಗಿಲ್ಲ” ಎಂದು ಆಕೆಯ ಅತ್ತೆ ಊರ ಮುಂದೆ ಹೇಳಿ, ಒಂದು ದಿನ ಬಂಡಿ ಕಟ್ಟಿಸಿ ಕಳಿಸಿಯೇಬಿಟ್ಟಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಚಿಗವ್ವ ಬಂದಿಳಿದದ್ದು ಭಾಲ್ಕಿಯ ನಮ್ಮ ಮನೆಗೆ.

ಅದು ನಿಜಾಮರ ಕಾಲ. ನಮ್ಮ ಕಡೆಗೆ ರೈಲು ಇನ್ನೂ ಬಂದಿರಲಿಲ್ಲ. ಅಪ್ಪ ತಹಸೀಲ ಕಚೇರಿಯಲ್ಲಿ ಉರ್ದು ಬರೆಯುವ ಕಾರಕೂನ. ಆತ ಚಿಗವ್ವನಿಗೆ ಎಂದೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೂ ಔರಾದದ ಮಾತು ಆಕೆಯೊಳಗೆ ಎಷ್ಟು ಕೂತಿತ್ತೆಂದರೆ, ಆಕೆ ಕಸ ಗುಡಿಸುತ್ತಿದ್ದಳು, ನೀರು ತರುತ್ತಿದ್ದಳು, ಹಾಲಿನ ಪಾತ್ರೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. “ಅಕ್ಕಾ, ಹೆಪ್ಪು ನೀನೇ ಹಾಕವ್ವಾ” ಎಂದು ಅಡುಗೆಮನೆಯ ಹೊಸ್ತಿಲಾಚೆಯೇ ನಿಂತುಬಿಡುತ್ತಿದ್ದಳು.

ಆ ವರ್ಷ ಪಂಚಮಿ ಹತ್ತಿರ ಬಂದಾಗ ಅಪ್ಪ ಬೀದರಿನಿಂದ ನನಗೆ ಕುಬಸ ಹೊಲಿಸಲೆಂದು ಹಸಿರು ಖಣ ತಂದ. ಬೀದರಿನ ದರ್ಜಿ ಹಬ್ಬ ಕಳೆಯುವವರೆಗೆ ಹೊಸ ಕೆಲಸ ಹಿಡಿಯುವುದಿಲ್ಲ ಅಂದನಂತೆ. ಅವ್ವ ಆಗ ಬಾಣಂತಿ. ನಾನು ಖಣವನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಚಿಗವ್ವ ಬಹಳ ಹೊತ್ತು ನೋಡಿ, “ಅಳಬ್ಯಾಡ. ನಾ ಹೊಲದು ಕೊಡ್ತೇನಿ” ಅಂದಳು. ತಾನಾಗಿ ಒಂದು ಕೆಲಸಕ್ಕೆ ಮುಂದೆ ಬಂದದ್ದು ಅದೇ ಮೊದಲು. ಅವ್ವನ ಮುಖ ಅರಳಿತು.

ಮಧ್ಯಾಹ್ನಗಳೆಲ್ಲ ಕೂತು ಕೈಯಿಂದಲೇ ಹೊಲಿದಳು. ತೊಡಿಸಿ ನಿಲ್ಲಿಸಿದಾಗ ಕುಬಸ ನನ್ನ ಮೈಗೆ ಹೇಳಿ ಮಾಡಿಸಿದಂತಿತ್ತು. ಎಲ್ಲಿಯೂ ಒಂದು ಸುಕ್ಕಿಲ್ಲ. ಅವ್ವ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಪಂಚಮಿಯ ದಿನ ಓಣಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಹೆಂಗಸರೆಲ್ಲ ಸೇರಿದ್ದರು. ನನ್ನ ಪಾಳಿ ಬಂತು. ಹಲಗೆಯ ಮೇಲೆ ಹತ್ತಿ ನಿಂತು, ಹಗ್ಗ ಹಿಡಿಯಲು ಎರಡೂ ಕೈ ಮೇಲೆತ್ತಿದೆ. ಚರ್ ಎಂದು ಎರಡೂ ಬಗಲು ಕಂಕುಳಿನಿಂದ ಸೊಂಟದವರೆಗೆ ಹರಿದವು.

ನಗು ಎದ್ದಿತು. ಎದುರುಮನೆಯ ಕಾಕು, ದಪ್ಪನೆಯ ಹೆಂಗಸು, ಎಲ್ಲರಿಗೂ ಕೇಳುವಂತೆ ಅಂದಳು: “ಔರಾದದ ಮಂದಿ ಸುಳ್ಳು ಹೇಳಿದ್ದಿಲ್ಲ ಬಿಡ್ರಿ. ಆಕಿ ಕೈಯೇ ಹಂಗ ಅದ.”

ಚಿಗವ್ವ ಅಲ್ಲೇ ನಿಂತಿದ್ದಳು. ಅಷ್ಟು ಜನರ ನಡುವೆ ನಡೆದು ಬಂದು ನನ್ನನ್ನು ಇಳಿಸಿಕೊಂಡಳು, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಕರೆತಂದಳು.

“ಒಲಿಗೆ ಹಾಕಿಬಿಡು ಅದನ್ನ” ಅಂದಳು ಅವ್ವ. “ಮತ್ತೊಮ್ಮಿ ಯಾರ ಕಣ್ಣಿಗೂ ಬೀಳೋದು ಬ್ಯಾಡ.”

“ಬ್ಯಾಡ ಅಕ್ಕಾ. ಒಲಿಗೆ ಹಾಕಿದ್ರ, ಅದು ಯಾಕ ಹರೀತು ಅಂತ ನನಗ ಯಾರು ಹೇಳಬೇಕು?”

ಹೇಳಿದವಳು ಆ ಹರಿದ ಕುಬಸವನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದಳು. ಬಂದವರು ಹೋದವರೆಲ್ಲ ನೋಡುತ್ತಿದ್ದರು. ಅವ್ವನಿಗೆ ಮುಜುಗರ. ಚಿಗವ್ವ ಮಾತ್ರ ಕಸ ಗುಡಿಸುತ್ತ ಗುಡಿಸುತ್ತ ನಿಂತು ಅದರ ಬಗಲು ನೋಡುವಳು, ಮತ್ತೆ ಗುಡಿಸುವಳು. ಆಮೇಲೆ ಅದನ್ನು ಇಳಿಸಿ ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿದಳು. ನನ್ನನ್ನು ಕರೆದು ನಿಲ್ಲಿಸಿ, ಕೈ ಎತ್ತಿಸಿದಳು, ಇಳಿಸಿದಳು, ಮತ್ತೆ ಎತ್ತಿಸಿದಳು. ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡಳು.

“ಅಯ್ಯ! ನಿನ್ನ ಸುಮ್ನ ನಿಂದ್ರಿಸಿ ಅಳತಿ ತಗೊಂಡೆ. ನೀ ಯಾವತ್ತರ ಸುಮ್ನ ನಿಂತೀಯೇನ?”

ಅಂದು ಆಕೆ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ನಾನು ಕೇಳಿದ ಮೊದಲ ನಗು ಅದು.

ತಪ್ಪು ಗೊತ್ತಾಯಿತು, ದಾರಿ ಗೊತ್ತಾಗಿರಲಿಲ್ಲ. ಅದು ಸಿಕ್ಕದ್ದು ಬಾವಿಯ ಹತ್ತಿರ. ಅಪ್ಪನ ಹಳೆಯ ಅಂಗಿಯನ್ನು ಒಗೆದು ಹಿಂಡುತ್ತಿದ್ದವಳು ಅದರ ಬಗಲಲ್ಲಿ ಹೊಲಿದಿದ್ದ ಚೌಕದ ಸಣ್ಣ ತುಂಡನ್ನು ಕಂಡಳು. ಆ ತುಂಡು ಇದ್ದುದರಿಂದಲೇ ಅಂಗಿ ತೊಟ್ಟವನ ಕೈ ಸಲೀಸಾಗಿ ಮೇಲೇಳುತ್ತಿತ್ತು. ನಮ್ಮ ಓಣಿಯ ಹೆಂಗಸರ ಕುಬಸಗಳಲ್ಲಿ ಅಂಥದೇನೂ ಇರಲಿಲ್ಲ. ಬಿಗಿಯಿದ್ದಷ್ಟೂ ಚೆಂದ ಎಂದು ಎಲ್ಲರೂ ನಂಬಿದ್ದರು. ಚಿಗವ್ವ ಒದ್ದೆ ಅಂಗಿಯನ್ನೇ ಹಿಡಿದು ಓಡಿಬಂದಳು.

“ಅಕ್ಕಾ, ನೋಡಿಲ್ಲಿ! ಗಂಡಸರಿಗೆ ಕೈ ಎತ್ಲಿಕ್ಕ ಜಾಗಾ ಇಟ್ಟಾರ. ನೀರು ಸೇದೋರು ನಾವು, ಬೀಸೋರು ನಾವು. ನಮಗ ಯಾಕ ಇಟ್ಟಿಲ್ಲ?”

ಮೊದಲು ಹಳೆಯ ಧೋತರದ ಬಟ್ಟೆಯಲ್ಲಿ ಹೊಲಿದು ನೋಡಿದಳು. ಒಂದರಲ್ಲಿ ಬಗಲು ಜೋಲಿಯಂತೆ ಇಳಿಬಿತ್ತು. ಇನ್ನೊಂದರಲ್ಲಿ ತೋಳು ತಿರುಚಿಕೊಂಡಿತು. ಕೆಟ್ಟ ಒಂದೊಂದನ್ನೂ ಅದೇ ಗೂಟಕ್ಕೆ ಹಾಕಿದಳು. ಕೊನೆಗೆ ಹಸಿರು ಖಣದ ತುಂಡುಗಳ ನಡುವೆ ಕೆಂಪು ಚೌಕ ಕೂಡಿಸಿ ನನ್ನ ಕುಬಸ ಮತ್ತೆ ಹೊಲಿದಳು. ಅದನ್ನು ತೊಟ್ಟು ನಾನು ತೊಲೆಗೆ ನೇತಾಡಿದೆ, ಬೇವಿನ ಗಿಡ ಹತ್ತಿದೆ, ಗೋಡೆ ಜಿಗಿದೆ. ಒಂದು ದಾರವೂ ಕಿತ್ತು ಬರಲಿಲ್ಲ. ಅಂದು ಸಂಜೆ ಚಿಗವ್ವ ಯಾರಿಗೂ ಹೇಳದೆ ಕೇಳದೆ ಅಡುಗೆಮನೆಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದಳು. ಮರುದಿನದ ಗಟ್ಟಿ ಮೊಸರನ್ನು ಅವ್ವ ಕೊಯ್ದು ಬಡಿಸಿದಳು.

ಆಮೇಲೆ ಓಣಿಯವರು ಒಬ್ಬೊಬ್ಬರಾಗಿ ಬಂದರು. ಎದುರುಮನೆಯ ಕಾಕು ಸೆರಗಿನಡಿ ಖಣ ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಬಿಗಿ ಕುಬಸ ತೊಟ್ಟು ತೊಟ್ಟು ಆಕೆಗೆ ರಟ್ಟೆ ಹಿಡಿದು ತಲೆ ಬಾಚಿಕೊಳ್ಳುವುದೂ ಕಷ್ಟವಾಗಿತ್ತು.

“ಕಾಕು, ಮುಂದಿನ ಬಾಗಲಾ ತೆರದೇ ಅದರಿ” ಅಂದಳು ಚಿಗವ್ವ. “ಪಡಸಾಲ್ಯಾಗ ಬರ್ರಿ. ಕೈ ಎತ್ತಿ ತೋರಸ್ರಿ.”

ಕಾಕು ಸುತ್ತು ಹಾಕಿ ಮುಂಬಾಗಿಲಿನಿಂದ ಬಂದು, ಗೂಟದ ಎದುರೇ ನಿಂತು ಕೈ ಎತ್ತಿದಳು. ಚಿಗವ್ವ ಒಂದು ಮಾತೂ ಚುಚ್ಚಲಿಲ್ಲ. ನೋವಾಗದಂತೆ ಮೆಲ್ಲಗೆ ಅಳತೆ ತೆಗೆದುಕೊಂಡಳು.

ಅಳತೆ ತೆಗೆಯುವುದೇ ನೋಡುವಂಥದಾಗಿತ್ತು. ಯಾರನ್ನೂ ಸುಮ್ಮನೆ ನಿಲ್ಲಿಸುತ್ತಿರಲಿಲ್ಲ. “ಬಗ್ಗು ನೋಡೋಣು. ಕೂಸಿನ್ನ ಎತ್ತಿಕೋ. ಕೊಡ ತಲಿಮ್ಯಾಲ ಇಟ್ಕೋ.” ಕಮಠಾಣದಿಂದ ಬಂದ ಒಬ್ಬ ಹೆಂಗಸು ಕಳೆ ಕೀಳುವವಳಂತೆ ನಮ್ಮ ಪಡಸಾಲೆಯ ತುಂಬ ಕುಕ್ಕರಗಾಲಲ್ಲಿ ಸರಿದಾಡಿದ್ದು, ಚಿಗವ್ವ ದಾರ ಹಿಡಿದು ಆಕೆಯ ಹಿಂದೆಯೇ ಸರಿದದ್ದು, ಇಬ್ಬರೂ ನಗು ತಡೆಯಲಾರದೆ ನೆಲಕ್ಕೆ ಕೂತದ್ದು ನನ್ನ ಕಣ್ಣಿಗೆ ಕಟ್ಟಿದೆ.

ಚೌಕವಿಟ್ಟ ಆಕೆಯ ಕುಬಸಕ್ಕೆ ಸುತ್ತಲ ಊರುಗಳಲ್ಲಿ ‘ಭಾಲ್ಕಿ ಕುಬಸ’ ಎಂಬ ಹೆಸರೇ ಬಿತ್ತು. ಕೆಲವು ವರ್ಷಗಳ ಮೇಲೆ ಔರಾದದ ಬಂಡಿಯೊಂದು ನಮ್ಮ ಬಾಗಿಲಿಗೆ ಬಂತು. ಇಳಿದವಳು ಚಿಗವ್ವನ ಅತ್ತೆ. ಬಹಳ ಮುದುಕಿಯಾಗಿದ್ದಳು. ಕೂತು ನೀರು ಕುಡಿದು, ತಲೆ ತಗ್ಗಿಸಿಯೇ ಹೇಳಿದಳು: “ಮೊಮ್ಮಗಳ ಲಗ್ನ ಅದ. ಭಾಲ್ಕಿ ಕುಬಸಾನೇ ಬೇಕಂತ ಹುಡುಗಿ ಹಟಾ ಹಿಡದಾಳ. ಅದು ನಿನ್ನ ಕೈದು ಅಂತ ನನಗ ಆಮ್ಯಾಲ ಗೊತ್ತಾತು. ಬರ್ತೀಯೇನವ್ವಾ?”

ಅವ್ವ ಏನೋ ಹೇಳಹೊರಟಳು. ಚಿಗವ್ವ ಕೈಯಿಂದಲೇ ತಡೆದಳು.

“ಬರ್ತೇನ್ರಿ. ಆದ್ರ ಹಿತ್ತಲದಾಗ ಕೂತು ಹೊಲಿಯಂಗಿಲ್ರಿ. ಪಡಸಾಲ್ಯಾಗ ಕೂಡ್ತೇನಿ. ಮಂದಿ ನೋಡ್ಲಿ.”

ನಾನೂ ಜೊತೆಗೆ ಹೋದೆ. ಔರಾದದ ಆ ದೊಡ್ಡ ಮನೆಯ ಪಡಸಾಲೆಯಲ್ಲಿ, ಬೀದಿಗೆ ಮುಖ ಮಾಡಿ ಕೂತು ಹೊಲಿದಳು. ಗಂಡ ಸತ್ತವಳು ಮದುಮಗಳ ಬಟ್ಟೆ ಮುಟ್ಟಬಹುದೇ ಎಂದು ಯಾರೋ ಗೊಣಗಿದಾಗ ಮುದುಕಿಯೇ ಗದರಿದಳು. ಅಕ್ಷತೆಯ ದಿನ ಬಂತು. ವರ ಎತ್ತರದ ಆಳು. ಹುಡುಗಿ ಎರಡೂ ಕೈ ಪೂರಾ ಎತ್ತಿ, ಒಂದೇ ಸಲಕ್ಕೆ ಮಾಲೆ ಹಾಕಿದಳು. ಕುಬಸ ಒಂದಿಷ್ಟೂ ಎಳೆಯಲಿಲ್ಲ. ಮುದುಕಿ ನೆರೆದವರ ನಡುವೆ ಚಿಗವ್ವನ ಬಲಗೈ ಹಿಡಿದುಕೊಂಡಳು.

“ಈ ಕೈ ನನ್ನ ಮನ್ಯಾಗೇ ಇತ್ತು. ನನಗ ತಿಳೀಲಿಲ್ಲ. ಇನ್ನ ಇಲ್ಲೇ ಇದ್ದುಬಿಡವ್ವಾ.”

“ಭಾಲ್ಕ್ಯಾಗ ಕೆಲಸಾ ಅದರಿ ಅತ್ತಿ” ಅಂದಳು ಚಿಗವ್ವ. “ಮಂದಿ ಕಾಯ್ಲಕತ್ತಾರ.”

ಬಂಡಿಯಲ್ಲಿ ಮರಳುವಾಗ ದಾರಿಯುದ್ದಕ್ಕೂ ಆಕೆ ಹಾಡಿಕೊಳ್ಳುತ್ತಿದ್ದಳು.

ನನ್ನನ್ನು ಎಕಂಬಾಕ್ಕೆ ಕೊಟ್ಟರು. ಅಲ್ಲಿ ನಾನು ಹೊಲಿದೇ ಮನೆ ನಡೆಸಿದೆ, ಹೊಲಿದೇ ಮಕ್ಕಳನ್ನು ಓದಿಸಿದೆ. ಚಿಗವ್ವ ತುಂಬು ವಯಸ್ಸಿನಲ್ಲಿ, ನಿದ್ದೆಯಲ್ಲಿಯೇ ಹೋದಳು. ಮಣ್ಣಿಗೆ ಎಷ್ಟೋ ಊರಿನ ಹೆಂಗಸರು ಬಂದಿದ್ದರು. ಅವಳ ಕೈ ಕೆಟ್ಟದೆಂದು ಎಂದೋ ಒಬ್ಬರು ಅಂದಿದ್ದರು ಎಂಬುದೇ ಅವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಆಕೆಯನ್ನು ನೆನೆದಾಗ ನನಗೆ ಮೊದಲು ಕಾಣುವುದು ಬೇರೊಂದು ಮುಂಜಾನೆ. ನನ್ನ ಮದುವೆಗೆ ಮುಂಚೆ ನಾನೊಬ್ಬಳೇ ಮೊದಲ ಸಲ ಒಂದು ಕುಬಸ ಹೊಲಿದಿದ್ದೆ, ಚಿಗವ್ವನ ಅಳತೆಗೇ. ಕುತ್ತಿಗೆ ಸೊಟ್ಟಗಾಗಿತ್ತು, ಒಂದು ತೋಳು ಉದ್ದ, ಒಂದು ಗಿಡ್ಡ. ಅಳುತ್ತ ತಂದು ಆಕೆಯ ಮುಂದಿಟ್ಟೆ. ಆಕೆ ತಿರುಗಿಸಿ ಮುರುಗಿಸಿ ನೋಡಿದಳು. ಒಳಗೆ ಹೋಗಿ ಅದನ್ನೇ ತೊಟ್ಟು ಬಂದು, ನನ್ನ ಕೈ ಹಿಡಿದು ಸೀದಾ ಪೇಟೆಗೆ ನಡೆದಳು.

ಬಳೆಗಾರ್ತಿ ಕಣ್ಣರಳಿಸಿ ಕೇಳಿದಳು: “ಏನಿದು ಯವ್ವಾ, ಕುತ್ತಿಗಿ ಒಂದ್ ಕಡಿ ಜಾರ್ಯಾದಲ್ಲ?”

“ನನ್ನ ಮಗಳು ಹೊಲದಾಳ” ಅಂದಳು ಚಿಗವ್ವ, ಇಡೀ ಪೇಟೆಗೆ ಕೇಳುವಂತೆ. “ಮೊದಲನೇದು! ಇನ್ನ ನೋಡ್ರಿ ಹ್ಯಾಂಗ ಕಲೀತಾಳ.”