ಹಳೆ ತಟ್ಟೆ ಬಿಡದ ಕಂಪ್ಯೂಟರ್

ಮೊಮ್ಮಕ್ಕಳೇ, ನೀವಿಬ್ಬರೂ ರಜಕ್ಕೆಂದು ಗೌರಿಬಿದನೂರಿನ ಸೋದರತ್ತೆ ಮನೆಗೆ ಹೋಗಿದ್ದಾಗ ಜಂಗಮಕೋಟೆಯ ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ಬಂತು. ನಿಮ್ಮಮ್ಮ ಆ ಕತೆಯನ್ನು ಎರಡೇ ಮಾತಿನಲ್ಲಿ ಮುಗಿಸಿದ್ದಾಳೆ. ಅದು ಅಷ್ಟು ಚಿಕ್ಕದಲ್ಲ.

ಆ ಕಂಪ್ಯೂಟರ್ ಎಷ್ಟು ನಿಧಾನವೆಂದು ನಿಮಗೇ ಗೊತ್ತು. ನಾನು ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ನಿಮ್ಮಮ್ಮ ಚಿಂತಾಮಣಿಯಿಂದ ವೇಗದ ಹೊಸ ಡಿಸ್ಕ್ ತಂದು, ಎಲ್ಲವನ್ನೂ ಮೊದಲಿನಿಂದ ಹೊಸದಾಗಿ ಹಾಕಿಬಿಡುತ್ತೇನೆ ಎಂದಾಗ ನನಗೆ ಚಿಂತೆ ಹತ್ತಿತು.

ನಾನು ಓದಿದ್ದು ಹಳ್ಳಿಯ ಕನ್ನಡ ಶಾಲೆ. ಪರದೆಯ ಮೇಲಿನ ಇಂಗ್ಲಿಷ್ ಹೆಸರುಗಳನ್ನು ನಾನು ಓದುವುದಿಲ್ಲ, ಜಾಗ ನೋಡಿ ಒತ್ತುತ್ತೇನೆ. ಮೇಲಿನಿಂದ ಮೂರನೆಯ ಪುಟ್ಟ ಚಿತ್ರ ನಾನು ಕನ್ನಡ ಬರೆಯುವುದು. ಅದರ ಕೆಳಗಿನದು ಫೋಟೋಗಳದು. ನಿಮ್ಮ ತಾತ ಹೋದ ಮೇಲೆ ನನ್ನ ಮಧ್ಯಾಹ್ನಗಳು ಕಳೆದದ್ದೇ ಆ ಮೂರನೆಯ ಚಿತ್ರದಿಂದ. ಜಾಗ ಬದಲಾದರೆ ದಿನವೂ ಯಾರನ್ನಾದರೂ ಕೇಳಬೇಕು. ಕೇಳುವುದೆಂದರೆ ನನಗೆ ಸಂಕೋಚ.

ರೇಷ್ಮೆ ಹುಳುಮನೆಯಲ್ಲಿ ಇಬ್ಬರೂ ಬಗ್ಗಿ ಹಿಪ್ಪುನೇರಳೆ ಸೊಪ್ಪು ಹಾಕುವಾಗ, ಮುಖ ನೋಡುವ ಹಾಗಿರಲಿಲ್ಲವಾದ್ದರಿಂದ, ಹೇಗೋ ಬಾಯಿ ಬಿಟ್ಟೆ.

"ಇರೋದು ಇದ್ದಂಗೇ ಬರಂಗಿಲ್ವೇನಮ್ಮ? ನಂಗೆ ಜಾಗ ಗೊತ್ತು, ಹೆಸರು ಗೊತ್ತಿಲ್ಲ."

ಅವಳು ಕೈಯಲ್ಲಿದ್ದ ಸೊಪ್ಪನ್ನು ಹರಡಿ ಮುಗಿಸಿದಳು. "ಹಂಗಾದ್ರೆ ಸಿಸ್ಟಂನೇ ಇಡಿಯಾಗಿ ಎತ್ತಿಬಿಡಣ ಅತ್ತೆ. ಹುಳ ಎತ್ತಲ್ವಾ, ಹಂಗೇ."

ಹುಳು ಎತ್ತುವುದನ್ನು ನೀವು ನೋಡಿದ್ದೀರಿ. ಹುಳು ಸಾಕುವ ತಟ್ಟೆಯಲ್ಲಿ ಹಿಕ್ಕೆ ತುಂಬಿದಾಗ ಮೇಲೊಂದು ಬಲೆ ಹಾಸಿ ಎಳೆ ಸೊಪ್ಪು ಹರಡುತ್ತೇವೆ. ಹುಳುಗಳು ತಾವಾಗಿಯೇ ಹತ್ತಿ ಬರುತ್ತವೆ. ಬಲೆ ಸಮೇತ ಎತ್ತಿ ಹೊಸ ತಟ್ಟೆಗೆ ಇಟ್ಟರೆ ಆಯಿತು.

ನಿಮ್ಮಮ್ಮ ಹಳೆಯ ಡಿಸ್ಕಿನ ಪಕ್ಕದಲ್ಲೇ ಹೊಸದನ್ನು ಜೋಡಿಸಿ, ಆಪರೇಟಿಂಗ್ ಸಿಸ್ಟಂ ಸಮೇತ ಎಲ್ಲವೂ ನಕಲಾಗುವಂತೆ ಬಿಟ್ಟಳು. ಅದು ಮುಗಿಯುವವರೆಗೆ ನಾನು ನಡುಮನೆಯಲ್ಲಿ ಕಸ ಗುಡಿಸಲಿಲ್ಲ. ಹಾಲು ತಂದವರಿಗೂ ಮೆಲ್ಲಗೆ ಮಾತಾಡಿ ಎಂದೆ. ಹುಳು ಜ್ವರಕ್ಕೆ ಕೂತು ಪೊರೆ ಬಿಡುವಾಗ ಹಾಗೆ ಹೇಳಿ ಹೇಳಿ ಅಭ್ಯಾಸ. ನಿಮ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮುಗಿದ ಮೇಲೆ ಗುಂಡಿ ಒತ್ತಿದಳು. ಚಕ್ರ ಸುತ್ತಿತು. ನಾನು ಕಾಫಿ ಮಾಡಿದೆ, ಇಬ್ಬರೂ ಕುಡಿದೆವು, ಇನ್ನೂ ಸುತ್ತುತ್ತಿತ್ತು. ಕೊನೆಗೆ ಚಿತ್ರಗಳು ಬಂದವು, ಎಲ್ಲವೂ ಅದರದರ ಜಾಗದಲ್ಲಿ. ನನಗೆ ಅಷ್ಟೇ ಸಾಕಿತ್ತು. ಅವಳ ಮುಖ ಮಾತ್ರ ಬಾಡಿತು. ಇಷ್ಟೆಲ್ಲಾ ಮಾಡಿಯೂ ಅದೇ ನಿಧಾನ.

ಸಮಾಧಾನಕ್ಕೆಂದು ನಾನು ತಮಾಷೆ ಮಾಡಿದೆ. "ಸೋಮಾರಿ ಹುಳದಂಗೆ ಹಳೇ ತಟ್ಟೇಲೇ ಮಲಗೈತೇನೋ ಬಿಡಮ್ಮ."

ಅವಳು ತಟ್ಟನೆ ಹಣೆ ಚಚ್ಚಿಕೊಂಡಳು. "ಮಲಗೇ ಐತೆ ಅತ್ತೆ. ಎರಡನ್ನೂ ಒಳಗೇ ಬಿಟ್ಟಿದ್ದೀನಲ್ಲ, ಇದು ಹಳೇದ್ರಿಂದಲೇ ಏಳ್ತೈತೆ."

ಬಲೆ ಹಾಸಿದ್ದೆವು, ಎತ್ತುವುದನ್ನೇ ಮರೆತಿದ್ದೆವು.

ಅವಳು ಹಳೆಯದನ್ನು ಬಿಚ್ಚಿ ತೆಗೆದಳು. ಗುಂಡಿ ಒತ್ತಿದರೆ ಪರದೆ ಪೂರ್ತಿ ಕಪ್ಪು, ಒಂದೇ ಒಂದು ಸಾಲು ಬಿಳಿ ಅಕ್ಷರ. ನನ್ನ ಮೂರನೆಯ ಚಿತ್ರ ಹೋಯಿತು ಎಂದುಕೊಂಡೆ. ಹೊಸದರಿಂದ ಏಳು ಎಂದು ಇದಕ್ಕೆ ಇನ್ನೂ ಹೇಳಿಲ್ಲ ಎಂದು ಅವಳೇ ವಿವರಿಸಿ, ಏನೇನೋ ಒತ್ತಿ ಮತ್ತೆ ಚಾಲೂ ಮಾಡಿದಳು. ನಾನು ಅಡುಗೆಮನೆಗೆ ಹೊರಟೆ. ಬಾಗಿಲು ದಾಟುವ ಮೊದಲೇ ಕರೆದಳು.

"ಬನ್ನಿ ಅತ್ತೆ, ನೀವೇ ಒತ್ತಿ."

ಮೇಲಿನಿಂದ ಮೂರನೆಯದು, ಅಲ್ಲೇ ಇತ್ತು. ಒತ್ತಿದೆ. ಹಿಂದಿನ ದಿನ ಅರ್ಧಕ್ಕೆ ನಿಲ್ಲಿಸಿದ್ದ ವಾಕ್ಯ ಅರ್ಧದಲ್ಲೇ ಕಾಯುತ್ತಿತ್ತು.

ಈಗ ನನಗೆ ಒಂದೇ ತೊಂದರೆ. ಹಳೆಯ ಅಭ್ಯಾಸದಂತೆ ಹಾಲು ಒಲೆಗಿಟ್ಟು ಬಂದು ಗುಂಡಿ ಒತ್ತುತ್ತೇನೆ, ಅದು ಕೂಡಲೇ ಎದ್ದು ಕೂರುತ್ತದೆ, ನಾನು ಬರೆಯಲು ಶುರು ಮಾಡುತ್ತೇನೆ. ಇದನ್ನು ಬರೆಯುವಾಗಲೂ ನಿಮ್ಮಮ್ಮ ಒಳಗಿನಿಂದ ಕೂಗಿದಳು, ಹಾಲು ಉಕ್ಕಿ ಒಲೆಯೆಲ್ಲಾ ಆಗಿದೆಯಂತೆ.