ಜೈನಾಬಿ ಅಕ್ಕೋರ ಮುಷ್ಟಿ

ಜೈನಾಬಿ ಅಕ್ಕೋರು ಇಂಗ್ಲಿಷ್ ಕಲಿಸುವಾಗ ಅವರ ಬಾಯಿಗಿಂತ ಕೈಯೇ ಹೆಚ್ಚು ಮಾತಾಡುತ್ತಿತ್ತು. ದಿನಾ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬ್ಯಾಡಗಿಗೆ ಬಂದು, ಮೆಣಸಿನಕಾಯಿ ಪೇಟೆಯ ಘಾಟಿಗೆ ಮೂಗಿಗೆ ಸೆರಗು ಹಿಡಿದುಕೊಂಡೇ ತರಗತಿಗೆ ಬರುತ್ತಿದ್ದರು. ಕರಿಹಲಗೆಯ ಮೇಲೆ ಪ್ರಶ್ನೆ ಬರೆದು, ಅದರ ಮೊದಲ ಪದದ ಕೆಳಗೆ ಬೆರಳಿಟ್ಟು ನಿಲ್ಲುವರು. "ಉತ್ತರ ಆಮ್ಯಾಲ. ಇದು ನಿಮಗ ಏನ ಕೆಲಸಾ ಹಚ್ಚೈತಿ, ಮೊದಲ ಅದನ್ನ ಹೇಳ್ರಿ."

ನಮಗೆ ಆ ಪದಗಳೇ ಭಯ. ಕಂಪೇರ್, ಸಮರೈಜ್, ಇನ್ಫರ್, ಜಸ್ಟಿಫೈ, ಯಾವುದು ಬಂದರೂ ಗೈಡಿನಿಂದ ಬಾಯಿಪಾಠ ಮಾಡಿದ ಇಡೀ ಕಥೆಯನ್ನೇ ಬರೆದಿಡುತ್ತಿದ್ದೆವು. ಪಾಠದಲ್ಲಿನ ಅಣ್ಣತಮ್ಮಂದಿರನ್ನು ಹೋಲಿಸು ಎಂದಾಗ ನಾನು ಇಬ್ಬರ ಕಥೆಯನ್ನೂ ಬೇರೆ ಬೇರೆ ಪುಟದಲ್ಲಿ ಬರೆದೆ. ಅಕ್ಕೋರು ಪೇಪರನ್ನು ನನ್ನ ಮುಂದಿಟ್ಟು, "ಶೋಭಾ, ಇವರಿಬ್ಬರೂ ಒಬ್ಬರನ್ನೊಬ್ಬರು ನೋಡೇ ಇಲ್ಲಲ್ಲವಾ! ಮಾತ ಬಿಟ್ಟಾರೇನ?" ಎಂದರು. ತರಗತಿಯೆಲ್ಲ ನಕ್ಕಿತು. ಬೈಸಿಕೊಂಡ ದಿನ ಡೈರಿಯಲ್ಲೊಂದು ಗೆರೆ ಎಳೆಯುವ ರೂಢಿ ನನ್ನದು. ಅದಕ್ಕೂ ಒಂದು ಗೆರೆ ಬಿತ್ತು.

ಮರುದಿನದಿಂದ ಪ್ರತಿ ಪದಕ್ಕೂ ಒಂದು ಕೈಸನ್ನೆ ಬಂತು. ಕಂಪೇರ್ ಎಂದರೆ ತಕ್ಕಡಿಯಂತೆ ಎತ್ತಿದ ಎರಡು ಅಂಗೈ. ಚಿಕ್ಕದಾಗಿ ಹೇಳುವ ಸಮರೈಜ್ ಎಂದರೆ ಮುಷ್ಟಿ, ಪೇಟೆಯಲ್ಲಿ ಖರೀದಿದಾರರು ಚೀಲಕ್ಕೆ ಕೈ ಹಾಕಿ ತೆಗೆದು ನೋಡುವ ಒಂದು ಹಿಡಿ ಮೆಣಸಿನಕಾಯಿ. ಇನ್ಫರ್ ಎಂದರೆ ಮೂಗಿನ ಬಳಿ ಬೆರಳು. ಕಾಯಿ ಮುರಿಯದೆ ವಾಸನೆಯಿಂದಲೇ ಖಾರ ತಿಳಿಯಬೇಕು. ಜಸ್ಟಿಫೈ ಎಂದರೆ ಆಧಾರ ತೋರಿಸಲು ಪುಸ್ತಕದ ಸಾಲಿನ ಮೇಲೆ ತೋರುಬೆರಳು. "ಮೊದಲ ಕೈಸನ್ನಿ, ಆಮ್ಯಾಲ ಪೆನ್ನು."

ಅಪ್ಪನಿಗೆ ಇದೆಲ್ಲ ಆಟವೆನ್ನಿಸಿತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಹೋದರೆ ನನ್ನ ಓದು ಅಲ್ಲಿಗೇ ನಿಲ್ಲುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಂತೂ ಹೋಗಿಯೇ ಇತ್ತು. ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ ಅಪ್ಪ ಒಂದು ದಿನ ಶಾಲೆಗೇ ಬಂದ.

"ಅಕ್ಕೋರ, ನೋಟ್ಸ್ ಬರಸ್ರಿ. ಹುಡುಗಿ ಮನ್ಯಾಗ ಬರೇ ಕೈ ಆಡಸಾಕತ್ತಾಳ."

"ನಾ ಬರಸಿದ್ದ ಪ್ರಶ್ನೆ ಬರಲಿಲ್ಲಂದ್ರ ಏನ ಮಾಡ್ತಾಳ್ರಿ ಅಣ್ಣಾರ?"

ಅಪ್ಪ ಬಾಗಿಲ ಕಡೆ ತಿರುಗಿದ. "ಫೇಲಾದ್ರ ನಿಮ್ಮನ್ನ ಕೇಳ್ತೇನಿ ನೋಡ್ರಿ" ಎಂದೇ ಹೋದ. ಆ ಮಧ್ಯಾಹ್ನ ಅಕ್ಕೋರು ಊಟದ ಡಬ್ಬಿ ತೆಗೆಯಲಿಲ್ಲ.

ಪರೀಕ್ಷೆ ಹಾವೇರಿಯಲ್ಲಿ. ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ಮೊದಲ ಪದದ ಕೆಳಗೆ ಬೆರಳಿಟ್ಟೆ. ಕಣ್ಣು ಮುಚ್ಚಿ ಎರಡೂ ಅಂಗೈ ಎತ್ತಿದೆ. ಅಲ್ಲಲ್ಲಿ ಕೂತಿದ್ದ ನಮ್ಮ ಶಾಲೆಯ ಹುಡುಗಿಯರೆಲ್ಲ ಹೀಗೆಯೇ ಕೈಯಾಡಿಸುತ್ತಿದ್ದರಂತೆ. ಮೇಲ್ವಿಚಾರಕರು ಓಡಿಬಂದು ನನ್ನ ಉತ್ತರಪತ್ರಿಕೆ ಕಿತ್ತುಕೊಂಡರು.

"ಸನ್ನಿ ಮಾಡಿ ಉತ್ತರಾ ಹೇಳಾಕತ್ತೀಯೇನ? ಎದ್ದ ನಿಂದರ!"

ಎದ್ದು ನಿಂತೆ. "ಇಲ್ರಿ ಸರ್... ಇದು ಕಂಪೇರ್ ರೀ."

ಅವರು ಹಿಂದಿನ ಬೆಂಚಿನಲ್ಲಿದ್ದ ನನ್ನ ಸಹಪಾಠಿ ರೇಣುಕಾಳ ಮುಷ್ಟಿ ತೋರಿಸಿದರು. "ಮತ್ತ ಅದು?"

"ಸಮರೈಜ್ ರೀ. ಆಕಿ ನನಗಿಂತ ಮುಂದ ಹೋಗ್ಯಾಳ್ರಿ."

ಅವರು ಪ್ರಶ್ನೆಪತ್ರಿಕೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪ್ರಶ್ನೆಪತ್ರಿಕೆ ನೋಡಿದರು. ಅಪ್ಪನ ಮಾತು, ಅಕ್ಕೋರ ಮುಚ್ಚಿದ ಡಬ್ಬಿ ಎರಡೂ ನೆನಪಾದವು. ಕೊನೆಗೆ ಪೇಪರ್ ಬೆಂಚಿನ ಮೇಲಿಟ್ಟರು. "ಕೈ ಬೆಂಚಿನ ಕೆಳಗ ಇಟಗೊಂಡ ಮಾಡ. ಲಗೂ ಬರಿ." ಬರೆದೆ, ಆದರೆ ಕೊನೆಯ ಪ್ರಶ್ನೆ ಉಳಿದೇ ಹೋಯಿತು.

ಫಲಿತಾಂಶಕ್ಕೂ ಮೊದಲೇ ಅಕ್ಕೋರಿಗೆ ಮೇಡ್ಲೇರಿಗೆ ವರ್ಗವಾಯಿತು. ಸುದ್ದಿ ತಿಳಿದು ಬಸ್ ನಿಲ್ದಾಣಕ್ಕೆ ಓಡಿದೆ. ಅವರ ಕಿಟಕಿಯಡಿ ನಿಂತು ಹಾವೇರಿಯ ಕಥೆಯನ್ನು ಮೊದಲಿನಿಂದ ಶುರು ಮಾಡುವಷ್ಟರಲ್ಲಿ ಡ್ರೈವರ್ ಬಸ್ ಚಾಲೂ ಮಾಡಿದ. ಅಕ್ಕೋರು ಕಿಟಕಿಯಿಂದ ಮುಷ್ಟಿ ತೋರಿಸಿದರು.

"ಒಂದ ಪ್ರಶ್ನೆ ಬಿಟ್ಟೇನ್ರಿ. ಉಳಿದದ್ದು ನಾನ ಬರದೇನ್ರಿ" ಎಂದೆ.

"ಸಾಕವಾ" ಎಂದರು. ಮುಷ್ಟಿ ಬಿಚ್ಚಿ ನನ್ನ ತಲೆಯ ಮೇಲಿಟ್ಟರು. ಬಸ್ ಹೊರಟಿತು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ನಾನು ಪಾಸಾದೆ. ಜೂನಿನಲ್ಲಿ ಅಂಕಪಟ್ಟಿ ತರಲು ಶಾಲೆಗೆ ಹೋದಾಗ ಅಕ್ಕೋರ ಜಾಗಕ್ಕೆ ಬಂದ ಮಾಸ್ತರು ನೋಟ್ಸ್ ಬರೆಸುತ್ತಿದ್ದರು. ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿದೆ. ಯಾರ ಕೈಯೂ ಮೇಲೇಳಲಿಲ್ಲ.