ಮುಜಂಟಿಗೆಂದು ಬೆಳೆಸಿದ ತುಂಬೆ

ನಾನು ಚಿಕ್ಕವಳಿದ್ದಾಗ, ಗಡಿಯಾಚೆ ಮಲಯಾಳಿ ಸೀಮೆಯ ಪುಲ್ಪಳ್ಳಿಯಲ್ಲಿ, ನಮ್ಮ ಮನೆಯ ಸೂರಿನಡಿ ಒಂದು ಮಣ್ಣಿನ ಮಡಕೆ ತೂಗುತ್ತಿತ್ತು. ಅದರೊಳಗೆ ಮುಜಂಟಿ, ಅಂದರೆ ಚುಚ್ಚದ ಪುಟ್ಟ ಜೇನು. ಅಪ್ಪ ಅದನ್ನು ನನಗೆಂದೇ ಕಟ್ಟಿದ್ದರು. ಆ ವರ್ಷ ಮಳೆ ಬಿಡಲೇ ಇಲ್ಲ. ಹುಳುಗಳು ಸೊರಗಿ, ಮಡಕೆಯ ಬಾಯಲ್ಲಿ ನಾಲ್ಕೈದು ಮಾತ್ರ ಕಾಣುತ್ತಿದ್ದವು. "ಬಿಸಿಲು ಬಂದಾಗ ಹತ್ರದಲ್ಲೇ ಹೂವು ಸಿಕ್ರೆ ಉಳೀತವೆ. ಇಲ್ಲಾಂದ್ರೆ ಇಲ್ಲ," ಅಂದರು ಅಪ್ಪ.

ಪುಣ್ಯಕ್ಕೆ ನಾನು ಮೊದಲ ಮಳೆಗೇ ಕಾಫಿ ಗಿಡಗಳಾಚೆ ತುಂಬೆ ಬೀಜ ಚೆಲ್ಲಿದ್ದೆ. ಕಳೆ ತೆಗೆಯುವ ದಿನ ಅಪ್ಪನ ಕತ್ತಿಗೆ ಅಡ್ಡ ನಿಂತು ಗಿಡ ಉಳಿಸಿಕೊಂಡಿದ್ದೆ. ಅಪ್ಪನನ್ನು ಬಿಟ್ಟರೆ ಆ ಜಾಗ ಗೊತ್ತಿದ್ದದ್ದು ನಾನೇ ತೋರಿಸಿದ್ದ ಅಕ್ಕನಿಗೊಬ್ಬಳಿಗೇ. "ಅಮ್ಮನಾಣೆ, ಯಾರ್ಗೂ ಹೇಳಲ್ಲ ಕಣೇ," ಎಂದು ಅವಳು ನನ್ನ ತಲೆ ಸವರಿದಳು.

ಶಾಲೆಯಲ್ಲಿ ಓಣಂ ಹಬ್ಬದ ಪೂಕ್ಕಳ, ಅದೇ ಹೂವಿನ ರಂಗೋಲಿಯ ಸ್ಪರ್ಧೆ. ಆಗೆಲ್ಲ ಅದರ ನಡುವೆ ತುಂಬೆ ಹೂವು ಇರಲೇಬೇಕಿತ್ತು. ಆ ದಿನವೇ ಬಿಸಿಲು ಬಂತು. ಹಲ್ಲುಜ್ಜುತ್ತಲೇ ಓಡಿಹೋಗಿ ನೋಡಿದರೆ, ಅಯ್ಯೋ, ಒಂದೇ ಒಂದು ಬಿಳಿ ಹೂವಿಲ್ಲ! ಬೇಗ ಆಗಲೆಂದು ಯಾರೋ ಕುಡಿಸಮೇತ ಚಿವುಟಿದ್ದರು. ಕೆಸರಿನ ತುಂಬ ಹುಡುಗಿಯರ ಚಪ್ಪಲಿ ಗುರುತು. ಮೂರ್ನಾಲ್ಕು ಹುಳುಗಳು ಬೋಳು ಗಿಡಗಳ ಮೇಲೆ ಸುಮ್ಮನೆ ಸುತ್ತುತ್ತಿದ್ದವು.

ಅಕ್ಕನ ಗುಂಪಿಗೇ ಮೊದಲ ಬಹುಮಾನ. ಪೂಕ್ಕಳದ ನಡುವೆ ಹಾಲಿನಂತೆ ಬೆಳ್ಳಗೆ ನನ್ನ ತುಂಬೆ! "ಕೈಯಡಿಕ್ಕ್ ಮೋಳೇ," ಎಂದು ಟೀಚರ್ ನನ್ನ ಬೆನ್ನು ತಟ್ಟಿದರು. ನಾನೂ ಚಪ್ಪಾಳೆ ಹೊಡೆಯಬೇಕಾಯಿತು. ಆ ಸಂಕಟ ಹೇಳತೀರದು.

"ಆಣೆ ಇಟ್ಟಿದ್ಯಲ್ಲೇ!" ಎಂದು ಮನೆಗೆ ಬಂದವಳೇ ಕಿರುಚಿದೆ.

"ಕನ್ನಡದೋಳು ಅಂತ ಯಾರೂ ನನ್ನ ಗುಂಪಿಗೆ ಸೇರಿಸ್ಕೋತಿರ್ಲಿಲ್ಲ. ತುಂಬೆ ತರ್ತೀನಿ ಅಂದ್ಮೇಲೆ ಸೇರಿಸ್ಕೊಂಡ್ರು," ಅಂದಳು ಅಕ್ಕ. "ನಿನ್ ಹುಳಕ್ಕೆ ಕಾಡಲ್ಲಿ ಬೇರೆ ಹೂವಿಲ್ವಾ?"

ಅಪ್ಪ ಬಹುಮಾನದ ಸ್ಟೀಲ್ ತಟ್ಟೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ವಾರದೊಳಗೆ ನನ್ನ ಮಡಕೆ ಖಾಲಿ. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ಅಕ್ಕನ ಕಷ್ಟ ಆಮೇಲೆ ಅರ್ಥವಾಯಿತು, ಆದರೆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮಕ್ಕಳೇ, ಈಗ ನಿಮ್ಮ ಪೂಕ್ಕಳಕ್ಕೆ ಗುಂಡ್ಲುಪೇಟೆಯಿಂದ ಚೆಂಡುಹೂವು ಮೂಟೆಗಟ್ಟಲೆ ಬರುತ್ತದೆ. ತುಂಬೆಯೇ ಬೇಕೆಂದು ಹಟ ಹಿಡಿಯುವವರೂ ಇಲ್ಲ. ನಾನಂತೂ ಪ್ರತಿ ವರ್ಷ ತುಂಬೆ ಬೆಳೆಸುತ್ತೇನೆ, ಜೇನೂ ಬರುತ್ತವೆ. "ಎಲ್ಲಜ್ಜಿ, ನಮ್ಗೂ ತೋರ್ಸಜ್ಜಿ," ಎಂದು ನೀವು ಸೆರಗು ಹಿಡಿದು ಜಗ್ಗುತ್ತೀರಿ.

ನೀವೆಲ್ಲ ನನ್ನ ಬಂಗಾರದಂಥ ಮೊಮ್ಮಕ್ಕಳು, ನಿಜ. ಆದರೂ ತೋರಿಸುವುದಿಲ್ಲ.